ಉತ್ತರ ಗೊತ್ತಿದ್ದೂ ಸುಮ್ಮನೆ ಕೂತ ಮಾಸ್ತರರಿಗೆ

ಕಳೆದ ಭಾನುವಾರ ಸಾಗರದಲ್ಲಿ ಒಂದು ಸಣ್ಣ ಹಾಲ್ ಬಾಡಿಗೆಗೆ ಹಿಡಿದು ನಮ್ಮ ಸಿನಿಮಾವನ್ನು ಮೊದಲ ಸಲ ಹೊರಗಿನವರಿಗೆ ತೋರಿಸಿದೆವು. 140 ಕುರ್ಚಿ ಹಾಕಿಸಿದ್ದೆವು. ಅದು ಸಾಲದೆ ಹಿಂದೆ ಗೋಡೆಗೆ ಒರಗಿ ನಿಂತವರೂ ಇದ್ದರು. ಮುಗಿದು ಲೈಟ್ ಹಾಕಿದ ಮೇಲೆ ನಾನು ಮೈಕ್ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕಿತ್ತು, ಚೀಟಿಯಲ್ಲಿ ಬರೆದುಕೊಂಡೂ ಬಂದಿದ್ದೆ, ಆದರೆ ಗಂಟಲು ಕಟ್ಟಿ ಎರಡು ಮಾತಿಗೇ ನಿಂತುಬಿಟ್ಟೆ. ಅಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಸಿನಿಮಾದ ಹೆಸರು, ಕಾದಂಬರಿಯ ಹೆಸರು ಸೆನ್ಸಾರ್ ಮುಗಿದ ಮೇಲೆ ಹೇಳುತ್ತೇನೆ. ಬರೆದವರ ಮನೆಯವರಿಗೆ ಹಾಗೆ ಮಾತು ಕೊಟ್ಟಿದ್ದೇನೆ. ಕಥೆ ಹೇಳಬಹುದು. ಉಳುವವನೇ ಭೂಮಿಯ ಒಡೆಯ ಅಂತ 1974ರ ಭೂಸುಧಾರಣೆ ತಿದ್ದುಪಡಿ ಬಂದು ಭೂ ನ್ಯಾಯಮಂಡಳಿಗಳು ಕೂತ ಕಾಲ. ಒಬ್ಬ ಹಳೇ ಶಾನುಭೋಗ ಮಂಡಳಿಯ ಮುಂದೆ ನಿಂತು, ಈ ಗದ್ದೆಯನ್ನು ಇವನು ಉಳುತ್ತಿರಲಿಲ್ಲ ಅಂತ ಸಾಕ್ಷಿ ಹೇಳುತ್ತಾನೆ. ಅದು ಸುಳ್ಳು. ಗೇಣಿದಾರನ ಮನೆಯವರು ಊರು ಬಿಡುತ್ತಾರೆ. ಮೂವತ್ತು ವರ್ಷ ಕಳೆದ ಮೇಲೆ ಆ ಗೇಣಿದಾರನ ಮಗ ಬಂದು ಮುದುಕನ ಜಗಲಿಯಲ್ಲಿ ಕೂರುತ್ತಾನೆ. ಜಗಳ ಆಡುವುದಿಲ್ಲ, ದುಡ್ಡು ಕೇಳುವುದಿಲ್ಲ, ದಿನಾ ಬಂದು ಅಪ್ಪನ ವಿಷಯ ಮಾತಾಡಿ ಹೋಗುತ್ತಾನೆ ಅಷ್ಟೇ. ಕಾದಂಬರಿಯ ಮುಕ್ಕಾಲು ಭಾಗ ಮುದುಕನ ತಲೆಯೊಳಗೇ ನಡೆಯುತ್ತದೆ. ಸುಳ್ಳು ಹೇಳಿದ್ದು ನಾನೋ, ಆಗಿನ ಭಯವೋ, ನಾನು ಕೂತಿದ್ದ ಜಾಗವೋ? ಅವತ್ತಿನ ಮನುಷ್ಯ ನನ್ನೊಳಗೆ ಈಗ ಇಲ್ಲವೇ ಇಲ್ಲ ಅಂದರೆ ಅವನ ಕರ್ಮದ ಫಲ ಉಣ್ಣಬೇಕಾದವರು ಯಾರು? ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ಸಾಗರ ತಾಲ್ಲೂಕಿನಲ್ಲೇ, 1951ರಲ್ಲಿ. ಇಲ್ಲಿ ಗೇಣಿ ಅನ್ನುವ ಮಾತಿಗೆ ಇವತ್ತಿಗೂ ಬಿಸಿ ಆರಿಲ್ಲ. ಹಾಗಾಗಿ ಈ ಕಾದಂಬರಿ ನನ್ನನ್ನು ಇಪ್ಪತ್ತನೇ ವಯಸ್ಸಿನಲ್ಲಿ ಹಿಡಿದುಕೊಂಡದ್ದು ಮತ್ತೆ ಬಿಡಲಿಲ್ಲ.

ಬರೆದವರು ತೀರಿಕೊಂಡು ವರ್ಷಗಳಾದವು. ಹಕ್ಕು ಕೇಳಲು ಹೋದಾಗ ಅವರ ಮಗಳು ಒಂದು ರೂಪಾಯಿ ತೆಗೆದುಕೊಂಡು ಸಹಿ ಹಾಕಿದರು. ಕಾಫಿ ಕೊಡುತ್ತಾ, "ಅಪ್ಪನ ಹಾಗೆ ಕಾಣುವವರನ್ನು ಹುಡುಕಬೇಡಿ, ಅಪ್ಪ ಆ ಮುದುಕ ಅಲ್ಲ" ಅಂದರು. ಅಕ್ಕ, ನೀವು ಅದನ್ನು ಹೇಳದೇ ಇದ್ದಿದ್ದರೆ ನಾನು ಖಂಡಿತ ಆ ತಪ್ಪು ಮಾಡುತ್ತಿದ್ದೆ. ನಿಮಗೆ ಮೊದಲ ನಮಸ್ಕಾರ.

ಆದರೆ ಬೇರೆ ತಪ್ಪು ಮಾಡಿದೆ. ಮುದುಕನ ಪಾತ್ರಕ್ಕೆ ಹೆಸರಿದ್ದ ಒಬ್ಬ ನಟರನ್ನು ಒಪ್ಪಿಸಿದೆ. ಒಳ್ಳೆಯ ಕಂಠ, ಭಾರಿ ಅನುಭವ. ಓದಿಗೆ ಕೂತಾಗ ಒಂದೊಂದು ಸಾಲನ್ನೂ ಅರ್ಥ ಬಿಡಿಸಿ ಹೇಳುತ್ತಿದ್ದರು, ನಾವೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದೆವು. ಎದುರಿನ ಹುಡುಗ ಮಾತಾಡುವಾಗ ಮಾತ್ರ ಅವರು ತಮ್ಮ ಸರದಿಗೆ ಕಾಯುತ್ತಿದ್ದರು. ಅದು ನನಗೆ ಕಾಣಿಸಿತ್ತು. ಕಂಡರೂ ಒಳಗೇ ಇಟ್ಟುಕೊಂಡೆ. ಶೂಟಿಂಗಿಗೆ 12 ದಿನ ಇರುವಾಗ ಅವರು ಬೇರೆ ಕೆಲಸ ಸಿಕ್ಕಿತು ಅಂತ ಫೋನ್ ಮಾಡಿ ಬಿಟ್ಟು ಹೋದರು. ಆಗ ತುಂಬಾ ಸಿಟ್ಟು ಬಂದಿತ್ತು, ಈಗ ಇಲ್ಲ.

ಅದಾದ ಮೇಲಿನ ಎಂಟು ತಿಂಗಳು ಕೆಟ್ಟದಾಗಿದ್ದವು. ಲೈಟಿನವರಿಗೆ ಕೊಟ್ಟ ಅಡ್ವಾನ್ಸ್ ವಾಪಸ್ ಬರಲಿಲ್ಲ. ಶೂಟಿಂಗಿಗೆ ಅಂತ ಗೊತ್ತು ಮಾಡಿದ್ದ ಹಳೇ ತೊಟ್ಟಿಮನೆಗೆ ಬಾಡಿಗೆ ಕಟ್ಟುತ್ತಲೇ ಇರಬೇಕಾಯಿತು. ಮಳೆಗಾಲ ಬಂತು, ಮಾಡಿನ ಹೆಂಚು ಜಾರಿತು, ಅದನ್ನೂ ನಾವೇ ಸರಿ ಮಾಡಿಸಿದೆವು. ನನ್ನ ಅಣ್ಣ ಆ ವರ್ಷದ ಅಡಿಕೆ ಇನ್ನೂ ಮರದಲ್ಲಿರುವಾಗಲೇ ಮಂಡಿಯಿಂದ ಸಾಲ ಎತ್ತಿ ತಂದು ಕೊಟ್ಟ. ಕೊಡುವಾಗ ಒಂದು ಮಾತೂ ಆಡಲಿಲ್ಲ. ಅಣ್ಣಾ, ನಿನ್ನ ಎದುರು ನಿಂತು ಇದನ್ನು ಹೇಳಲು ನನಗೆ ಬರುವುದಿಲ್ಲ, ಇಲ್ಲೇ ಓದಿಕೊಂಡುಬಿಡು.

ಮಗನ ಪಾತ್ರದ ಹುಡುಗ ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಕಲಿತವನು. ಆ ಎಂಟು ತಿಂಗಳಲ್ಲಿ ಅವನಿಗೆ ಎರಡು ಕಡೆಯಿಂದ ಕರೆ ಬಂದಿತ್ತು, ಎರಡನ್ನೂ ಬಿಟ್ಟ. ಈ ಸಿನಿಮಾ ಆಗುತ್ತದೆ ಅಂತ ನನಗೇ ನಂಬಿಕೆ ಹೋಗಿದ್ದ ದಿನಗಳಲ್ಲಿ ಅವನು ವಾರಕ್ಕೊಮ್ಮೆ ಬಂದು ತನ್ನ ಮಾತುಗಳನ್ನು ಹೇಳಿ ಒಪ್ಪಿಸಿ ಹೋಗುತ್ತಿದ್ದ. ಎದುರಿಗೆ ಕೂರುವವರಿಲ್ಲ, ನಾನೇ ಮುದುಕನಾಗಿ ಕೂರುತ್ತಿದ್ದೆ. ಹಾಗೆ ಕೂತು ಕೂತು ಒಂದು ವಿಷಯ ಗೊತ್ತಾಯಿತು. ಈ ಪಾತ್ರದ ಕಷ್ಟ ಮಾತಾಡುವುದರಲ್ಲಿ ಇಲ್ಲ, ಕೇಳಿಸಿಕೊಳ್ಳುವುದರಲ್ಲಿ ಇದೆ.

ಅದೇ ಸಮಯದಲ್ಲಿ 'ಸಂಸ್ಕಾರ'ವನ್ನು ಮತ್ತೆ ನೋಡಿದೆ. ಯು.ಆರ್. ಅನಂತಮೂರ್ತಿಯವರ ಕಾದಂಬರಿ 1965ರದ್ದು, ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾ 1970ರದ್ದು. ಮೊದಮೊದಲು ನನಗೆ ಗಿರೀಶ್ ಕಾರ್ನಾಡರು ಪ್ರಾಣೇಶಾಚಾರ್ಯರ ಪಾತ್ರಕ್ಕೆ ತೀರಾ ಚಿಕ್ಕವರು ಅನ್ನಿಸುತ್ತಿತ್ತು. ಆಗ ಅವರಿಗೆ 32ರ ಆಸುಪಾಸು. ನಟ ಅನ್ನುವುದಕ್ಕಿಂತ ನಾಟಕ ಬರೆಯುವವರು ಅಂತಲೇ ಹೆಸರಾಗಿದ್ದವರು. ಈ ಸಲ ಬರೀ ಅವರ ಕಿವಿ ಕಣ್ಣು ನೋಡುತ್ತಾ ಕೂತೆ. ಬ್ರಾಹ್ಮಣ ಆಚಾರ ಬಿಟ್ಟಿದ್ದ ನಾರಣಪ್ಪ ಸತ್ತಿದ್ದಾನೆ, ಹೆಣ ಮನೆಯಲ್ಲಿದೆ, ಸಂಸ್ಕಾರ ಯಾರು ಮಾಡಬೇಕು ಅಂತ ಇಡೀ ಅಗ್ರಹಾರ ಬಂದು ಆಚಾರ್ಯರ ಮುಂದೆ ನಿಲ್ಲುತ್ತದೆ. ಒಬ್ಬೊಬ್ಬರದ್ದು ಒಂದೊಂದು ಆಸೆ, ಒಂದೊಂದು ಭಯ. ಅವರೆಲ್ಲ ಮಾತಾಡುವಾಗ ಆಚಾರ್ಯರು ಕೇಳಬೇಕು, ಆಮೇಲೆ ಓಲೆಗರಿ ಬಿಡಿಸಿ ಹುಡುಕಬೇಕು, ಸಿಗದೆ ಸೋಲಬೇಕು. ಕಾದಂಬರಿಯಲ್ಲಿ ಇದಕ್ಕೆ ಅನಂತಮೂರ್ತಿಯವರ ವಾಕ್ಯಗಳಿವೆ. ಪರದೆ ಮೇಲೆ ಒಂದು ಮುಖ ಮಾತ್ರ ಇದೆ. ಆ ಚಿತ್ರಕಥೆ ಬರೆದವರೂ ಕಾರ್ನಾಡರೇ ಅನ್ನುವುದು ನೆನಪಾದಾಗ ನನಗೆ ಸುಮಾರು ಬೆಳಕು ಹತ್ತಿತು. ಯಾವ ಮಾತನ್ನು ಕಾಗದದಿಂದ ತೆಗೆದಿದ್ದೇನೆ ಅಂತ ಗೊತ್ತಿರುವ ಮನುಷ್ಯ ಅದನ್ನು ಮುಖದಲ್ಲಿ ಹೊತ್ತುಕೊಂಡು ಕೂತಿದ್ದಾರೆ.

ಲಂಕೇಶರ ನಾರಣಪ್ಪನನ್ನೂ ನೋಡಿ. ಕಥೆ ಶುರುವಾಗುವ ಹೊತ್ತಿಗೆ ಸತ್ತಿರುವ ಮನುಷ್ಯ, ಹಳೆಯ ನೆನಪುಗಳಲ್ಲಿ ಸ್ವಲ್ಪ ಹೊತ್ತು ಬಂದು ಹೋಗುತ್ತಾನೆ. ಆ ಸ್ವಲ್ಪ ಹೊತ್ತಿನಲ್ಲೇ ಅವನು ನಮ್ಮೊಳಗೆ ಕೂತುಬಿಡಬೇಕು, ಇಲ್ಲದಿದ್ದರೆ ಆಮೇಲೆ ಇಡೀ ಸಿನಿಮಾದಲ್ಲಿ ಆ ಹೆಣಕ್ಕೆ ಭಾರ ಇರುವುದಿಲ್ಲ. ಲಂಕೇಶರೂ ವೃತ್ತಿಯ ನಟರಲ್ಲ, ಲೇಖಕರು. ನಾರಣಪ್ಪನ ಜೊತೆ ಬಾಳಿದ ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರು ಮಾಡಿದ್ದರ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಬರಹವೇ ಆಗುತ್ತದೆ. ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ಬೇಡ ಅಂದಿದ್ದ ಆ ಸಿನಿಮಾ ಕೊನೆಗೆ ಕನ್ನಡಕ್ಕೆ ಮೊದಲ ಸಲ ದೇಶದ ಅತ್ಯುತ್ತಮ ಚಿತ್ರ ಅನ್ನುವ ರಾಷ್ಟ್ರಪ್ರಶಸ್ತಿ ತಂದಿತು. ಅವರೆಲ್ಲರಿಗೂ ಇಲ್ಲಿಂದಲೇ ಕೈ ಮುಗಿಯುತ್ತೇನೆ. ಹೆಸರಿದ್ದವರನ್ನು ಹುಡುಕುವುದು ಬಿಡು ಅಂತ ನನಗೆ ಹೇಳಿಕೊಟ್ಟದ್ದು ಆ ಸಿನಿಮಾ.

ಇನ್ನು ಮಾಸ್ತರರ ವಿಷಯ.

ಶಿರಸಿಯ ಕಾಲೇಜು ಹುಡುಗಿಯೊಬ್ಬಳು ನನಗೆ 22 ನಿಮಿಷದ ಒಂದು ವಿಡಿಯೋ ಕಳಿಸಿದಳು. ಅವಳ ಅಜ್ಜ ಯಕ್ಷಗಾನದ ಪದ ಹಾಡುವ ಭಾಗವತರು. ಅಜ್ಜನ ಪದ ರೆಕಾರ್ಡ್ ಮಾಡಬೇಕು ಅಂತ ತಾಳಮದ್ದಳೆಗೆ ಹೋಗಿ ಫೋನನ್ನು ಒಂದು ಕಂಬಕ್ಕೆ ಆನಿಸಿ ಇಟ್ಟಿದ್ದಾಳೆ. ಪ್ರಸಂಗ ವಾಲಿವಧೆ. ಫೋನ್ ಸ್ವಲ್ಪ ಜಾರಿದೆ, ವಾಲಿಯ ಅರ್ಥ ಹೇಳುವವರು ಕಾಣುವುದೇ ಇಲ್ಲ, ದನಿ ಮಾತ್ರ. ಕಾಣುವುದು ರಾಮನ ಅರ್ಥ ಹೇಳುವವರು. ಬಿಳಿ ಪಂಚೆ, ಹೆಗಲ ಮೇಲೆ ಶಾಲು, 68 ವರ್ಷದ ಒಬ್ಬ ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರರು. ಬಾಣ ತಿಂದ ವಾಲಿ ಕೇಳುತ್ತಿದ್ದಾನೆ, ಮರೆಯಲ್ಲಿ ನಿಂತು ಯಾಕೆ ಹೊಡೆದೆ, ನಾನು ನಿನಗೆ ಏನು ಮಾಡಿದ್ದೆ, ಇದು ಯಾವ ಧರ್ಮ. ಹನ್ನೆರಡು ನಿಮಿಷ ಒಂದೇ ಸಮ ಕೇಳುತ್ತಾನೆ. ಆ ಹನ್ನೆರಡು ನಿಮಿಷವೂ ಮಾಸ್ತರರ ಮುಖ ನನ್ನ ಎದುರಿಗೆ. ಒಂದು ಮಾತಿಗೆ ರೆಪ್ಪೆ ಇಳಿಯುತ್ತದೆ. ಇನ್ನೊಂದಕ್ಕೆ ಉತ್ತರ ತುದಿ ನಾಲಗೆವರೆಗೆ ಬಂದು ನಿಲ್ಲುತ್ತದೆ. ಒಂದು ಕಡೆ ವಾಲಿ ಹೇಳಿದ್ದು ನಿಜ ಅಂತ ರಾಮನಿಗೆ ಅನ್ನಿಸಿಬಿಟ್ಟಿತು, ಅದು ಕಂಡಿತು. ಆಮೇಲೆ ಅವರು ಹೇಳಿದ ಅರ್ಥ ಬಹಳ ಚೆನ್ನಾಗಿತ್ತು, ನನಗೆ ಈಗ ಒಂದು ವಾಕ್ಯವೂ ನೆನಪಿಲ್ಲ.

ತಾಳಮದ್ದಳೆ ನೋಡದವರಿಗೆ ಹೇಳುತ್ತೇನೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಒಂದೊಂದು ಪಾತ್ರದ ಪದ ಹಾಡುತ್ತಾರೆ, ಅದಾದ ಮೇಲೆ ಆ ಪಾತ್ರದ ಮಾತು ಹೇಳುವ ಅರ್ಥಧಾರಿಗಳು ಎದುರುಬದುರು ಕೂತು ಅಲ್ಲೇ ಮಾತು ಕಟ್ಟುತ್ತಾರೆ. ಎದುರಿನವರು ಏನು ಹೇಳುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಕೇಳಿಸಿಕೊಳ್ಳದವನಿಗೆ ಅಲ್ಲಿ ಉತ್ತರ ಹುಟ್ಟುವುದೇ ಇಲ್ಲ. ಮೂರು ವರ್ಷ ನಾನು ಹುಡುಕುತ್ತಿದ್ದ ವಿದ್ಯೆ ನನ್ನ ಊರಿನಿಂದ ಒಂದೂವರೆ ಗಂಟೆ ದೂರದಲ್ಲಿ ನಾಲ್ಕೈದು ದಶಕದಿಂದ ಕೂತಿತ್ತು ನೋಡಿ.

ಸಿದ್ದಾಪುರದ ಹತ್ತಿರ ಅವರ ಮನೆಗೆ ಹೋದೆವು. ಮಾಸ್ತರರು ಪೂರ್ತಿ ಕೇಳಿಸಿಕೊಂಡು, "ತಂಗೀ, ನನಗೆ ಬರುವುದು ಮಾತೊಂದೇ. ನೀನು ಅದನ್ನೇ ಬೇಡ ಅಂತೀಯಲ್ಲ" ಅಂದರು. ಅದಕ್ಕೆ ಒಳಗಿನಿಂದ ಅವರ ಹೆಂಡತಿ ಬಂದು, "ಎದುರಿನವರ ಮಾತು ಕೇಳದೆ ನೀವು ಯಾವತ್ತು ಅರ್ಥ ಹೇಳಿದ್ದೀರಿ?" ಅಂತ ಕೇಳಿದರು. ಮಾಸ್ತರರು ಸ್ವಲ್ಪ ಹೊತ್ತು ಅಂಗಳ ನೋಡಿದರು. ಒಂದು ವಾರ ಬಿಟ್ಟು ಒಪ್ಪಿದರು. ಅಮ್ಮಾ, ಆ ಒಂದು ಮಾತಿಗೆ ನಾನು ನಿಮಗೆ ಏನು ಕೊಡಲಿ?

ರಿಹರ್ಸಲ್ ಸುಲಭ ಇರಲಿಲ್ಲ. ಮೊದಲ ದಿನ ಹುಡುಗ ತನ್ನ ಅಪ್ಪನ ಕಥೆ ಹೇಳಿ ಮುಗಿಸುತ್ತಿದ್ದ ಹಾಗೆ ಮಾಸ್ತರರು ಶಾನುಭೋಗನ ಪರವಾಗಿ ಏಳು ನಿಮಿಷ ಅರ್ಥ ಹೇಳಿದರು. ಎಂಥ ಮಾತು ಅದು! ನಾವೆಲ್ಲ ಶಾನುಭೋಗನ ಕಡೆಗೇ ವಾಲಿಬಿಟ್ಟೆವು. ಆದರೆ ನಮ್ಮ ಚಿತ್ರಕಥೆಯಲ್ಲಿ ಮುದುಕನಿಗೆ ಇರುವುದು ಎಲ್ಲ ಸೇರಿ 41 ಸಾಲು. ಮೌನವಾಗಿರಿ ಅಂತ ಹೇಳಿದರೆ ಅವರ ಮುಖವೂ ಖಾಲಿ ಆಗುತ್ತಿತ್ತು, ಮೇಷ್ಟ್ರು ಸುಮ್ನೆ ಕೂತಿದ್ದಾರೆ ಅನ್ನಿಸುತ್ತಿತ್ತು ಅಷ್ಟೇ. ನಾಲ್ಕು ದಿನ ಹೀಗೇ ಹೋಯಿತು. ಐದನೇ ದಿನ ಇಬ್ಬರನ್ನೂ ಚಾಪೆ ಹಾಸಿ ತಾಳಮದ್ದಳೆಯಲ್ಲಿ ಕೂರುವ ಹಾಗೇ ಎದುರುಬದುರು ಕೂರಿಸಿ, "ಮಾಸ್ತರೇ, ಉತ್ತರ ಪೂರ್ತಿ ಕಟ್ಟಿಕೊಳ್ಳಿ, ಒಂದು ಅಕ್ಷರ ಬಿಡಬೇಡಿ, ಆದರೆ ಭಾಗವತರು ನಿಮ್ಮ ಪದ ಎತ್ತುವುದೇ ಇಲ್ಲ" ಅಂದೆ. ಅವರಿಗೆ ತಟ್ಟನೆ ಹಿಡಿಯಿತು. ಆಮೇಲೆ ನಾನು ಹೇಳಿಕೊಡಲು ಏನೂ ಉಳಿಯಲಿಲ್ಲ.

ಶೂಟಿಂಗ್ 19 ದಿನ ನಡೆಯಿತು. ಹನ್ನೊಂದನೇ ದಿನದ ಜಗಲಿಯ ಶಾಟ್ ಆರು ನಿಮಿಷದ್ದು, ಕಟ್ ಇಲ್ಲ. ಹುಡುಗ ಮಾತಾಡುತ್ತಾನೆ, ಕ್ಯಾಮೆರಾ ಮಾಸ್ತರರ ಮೇಲೆ. ಕ್ಯಾಮೆರಾದವರು ಕೇರಳದವರು, ಅವರಿಗೆ ಕನ್ನಡ ಅಷ್ಟಾಗಿ ಬಾರದು. 'ಸಂಸ್ಕಾರ'ಕ್ಕೆ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್ ಅನ್ನುವುದೇ ನನಗೆ ಧೈರ್ಯ ಕೊಟ್ಟಿತ್ತು. ಶಾಟ್ ಮುಗಿದಾಗ ನಮ್ಮವರ ಕಣ್ಣು ಒದ್ದೆಯಾಗಿತ್ತು, ಮಾತು ಏನು ಅಂತ ಆಮೇಲೆ ನನ್ನ ಹತ್ತಿರ ಕೇಳಿ ತಿಳಿದುಕೊಂಡರು. ಸೌಂಡಿನ ಹುಡುಗ ಮಾಸ್ತರರ ಉಸಿರು ಸಿಗಲಿ ಅಂತ ಅವರ ಶಾಲಿನೊಳಗೆ ಇನ್ನೊಂದು ಮೈಕ್ ಇಟ್ಟಿದ್ದ. ಉತ್ತರ ಹುಟ್ಟುವ ಕಡೆಯೆಲ್ಲ ಉಸಿರು ಒಳಗೆ ಎಳೆಯುತ್ತದೆ, ಆಮೇಲೆ ಮಾತಿಲ್ಲದೆ ಹಾಗೇ ಹೊರಗೆ ಹೋಗುತ್ತದೆ. ಭಾನುವಾರ ಹಾಲಿನಲ್ಲಿ ಆ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು.

23 ಜನಕ್ಕೆ ಮೂರು ಹೊತ್ತು ಅಡುಗೆ ಮಾಡಿ ಹಾಕಿದ ಪಕ್ಕದ ಮನೆಯ ಅತ್ತೆಗೆ, ಅವರ ಅಪ್ಪೆಹುಳಿಗೆ, ರಾತ್ರಿ ಹನ್ನೊಂದಕ್ಕೂ ಬೇಸರ ಮಾಡದೆ ಜನರೇಟರ್ ನೋಡಿಕೊಂಡ ತಮ್ಮನಿಗೆ, ತೊಟ್ಟಿಮನೆ ಬಾಡಿಗೆಯಲ್ಲಿ ಕೊನೆಯ ಎರಡು ತಿಂಗಳು ಬೇಡವೆಂದ ಹೆಗಡೆಯವರಿಗೆ, ವಿಡಿಯೋ ಕಳಿಸಿದ ಆ ಹುಡುಗಿಗೆ, ಕಂಬದ ಮೇಲೆ ಜಾರಿದ ಅವಳ ಫೋನಿಗೂ ನನ್ನ ನಮಸ್ಕಾರ.

ಮಾಸ್ತರರೇ, ನಿಮ್ಮ ಹೆಸರು ಹಾಕಬೇಡ ಅಂದಿರಿ, ಹಾಕಿಲ್ಲ. ಭಾನುವಾರ ನಿಮ್ಮನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬಂದಾಗ ಜಗಲಿಯ ಆ ದೃಶ್ಯದ ಉತ್ತರ ಇನ್ನೂ ನೆನಪಿದೆಯಾ ಅಂತ ಕೇಳಿದೆ. ನೀವು ಅಲ್ಲೇ ಬೆಂಚಿನ ಮೇಲೆ ಕೂತು ಬಸ್ ಬರುವವರೆಗೂ ಹೇಳಿದಿರಿ. ಮೊದಲ ದಿನದ ಅರ್ಥ ಅದಾಗಿರಲಿಲ್ಲ. ಶಾನುಭೋಗನ ಪರವಾಗಿ ಅದರಲ್ಲಿ ಒಂದೇ ಒಂದು ಮಾತಿರಲಿಲ್ಲ. ಬಸ್ ಹತ್ತುವಾಗ ನಿಮ್ಮ ಕಾಲಿಗೆ ಬೀಳಬೇಕು ಅಂತಿದ್ದೆ, ಕಂಡಕ್ಟರ್ ಅವಸರ ಮಾಡಿದ, ಆಗಲಿಲ್ಲ.

ಬರುವ ತಿಂಗಳು ಸಿದ್ದಾಪುರದ ಕಡೆ ಮತ್ತೆ ವಾಲಿವಧೆ ಇದೆಯಂತೆ. ಈ ಸಲ ಮಾಸ್ತರರದ್ದು ವಾಲಿ. ನಾವು ಹೋಗುತ್ತಿದ್ದೇವೆ, ಗಾಡಿಯಲ್ಲಿ ಇನ್ನೂ ಮೂರು ಜನಕ್ಕೆ ಜಾಗ ಇದೆ. ಬರುವವರು ನನಗೆ ಒಂದು ಫೋನ್ ಮಾಡಿ.