ವಿದುರನ ಬಣ್ಣ ತೆಗೆದ ಮೇಲೆ

ಮೊನ್ನೆ ಶನಿವಾರ ರಾತ್ರಿ ನೀರ್ಚಾಲಿನ ಹತ್ತಿರ ನಮ್ಮ ಹವ್ಯಾಸಿ ಸಂಘದ ಯಕ್ಷಗಾನ ಆಟ ಇತ್ತು. ಕೃಷ್ಣಸಂಧಾನದಲ್ಲಿ ನಾನು ವಿದುರ. ಮುಕ್ಕಾಲು ಗಂಟೆ ರಂಗಸ್ಥಳದಲ್ಲಿ ನಿಂತೆ. ನಿಂತೆ ಅನ್ನುವುದೇ ಸುದ್ದಿ. ಹದಿನಾಲ್ಕು ತಿಂಗಳ ಹಿಂದೆ ಅಭಿಮನ್ಯುವಿನ ವೇಷದಲ್ಲಿ ಧೀಂಗಿಣ, ಅಂದರೆ ಹಾರಿ ಸುತ್ತುವ ಕುಣಿತ, ಹೊಡೆಯುವಾಗ ಬಲ ಮೊಣಕಾಲು ತಿರುಚಿ ಬಿದ್ದವನು ನಾನು. ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ, ನಮ್ಮ ಚೌಕಿಗೆ, ಬಂದು ಮಾತಾಡಿಸಿದವರಿಗೆ ಸರಿಯಾಗಿ ಉತ್ತರ ಕೊಡಲಿಕ್ಕಾಗಲಿಲ್ಲ. ಬಣ್ಣ ತೆಗೆಯುವ ಗಡಿಬಿಡಿ, ಜೊತೆಗೆ ಗಂಟಲು ಬೇರೆ ಕಟ್ಟಿತ್ತು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಮಂಗಳೂರಿನ ಡಾಕ್ಟರಿಗೆ. ತೊಡೆಯ ಹಿಂದಿನಿಂದ ಒಂದು ಎಳೆ ತೆಗೆದು ಹರಿದ ಲಿಗಮೆಂಟಿನ ಜಾಗಕ್ಕೆ ಕಟ್ಟಿದರು. ಆಮೇಲೆ ಫಿಸಿಯೋಥೆರಪಿಯ ಹುಡುಗನಿಗೆ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ, ನನ್ನ ಮಲಯಾಳವೂ ಹಾಗೇ. ಪ್ರತಿ ಸಲ ಕಾಲು ಮಡಚುವಾಗ "ಪೇಡಿಕ್ಕೇಂಡ ಚೇಟ್ಟಾ" ಅನ್ನುತ್ತಿದ್ದ. ಹೆದರಬೇಡಿ ಅಂತ. ಒಂಬತ್ತು ತಿಂಗಳಲ್ಲಿ ಈ ಒಂದು ಮಾತು ಎಷ್ಟು ಸಲ ಕೇಳಿದ್ದೇನೋ. ವಾರಕ್ಕೆ ಮೂರು ದಿನ ಕರೆದುಕೊಂಡು ಹೋದ ಆಟೋದವರು ಹೊಂಡ ಬಂದಲ್ಲೆಲ್ಲ ಇರುವೆ ಹೋದ ಹಾಗೆ ಹೋಗುತ್ತಿದ್ದರು. ಅವರಿಗೂ ನಮಸ್ಕಾರ.

ಕಾಲು ಸರಿಯಾಯಿತು. ಆದರೆ ಚೆಂಡೆ ಕೇಳಿದರೆ ಸಾಕು, ಮೈ ಮರದ ಕೊರಡು. ತೊಂದರೆ ಕಾಲಿನದ್ದಲ್ಲ ಅಂತ ಮೊದಲು ಹೇಳಿದ್ದು ಅಕ್ಕನ ಮಗಳು. ಬೆಂಗಳೂರಿನಲ್ಲಿ ಡ್ಯಾನ್ಸ್ ಥೆರಪಿ ಕಲಿಯುತ್ತಿದ್ದಾಳೆ. ರಜೆಗೆ ಬಂದವಳು, "ಮಾವ, ಕಣ್ಣು ಮುಚ್ಚಿ ನಿಂತುಕೊಳ್ಳಿ. ಏನೂ ಮಾಡಬೇಡಿ. ಮೈಗೆ ಏನು ಬೇಕೋ ಅದು ಮಾಡಲಿ" ಅಂದಳು. ನಾನು ನಕ್ಕೆ. ಇಪ್ಪತ್ತೆರಡು ವರ್ಷ ಕುಣಿದವನಿಗೆ ಕುಣಿತ ಕಲಿಸಲಿಕ್ಕೆ ಬಂದಳಲ್ಲ!

ಆಮೇಲೆ ಯೋಚಿಸಿದರೆ ಅವಳು ಹೇಳಿದ್ದು ಸರಿಯೇ. ನಮ್ಮ ಆಟದಲ್ಲಿ ಬಾಯಿಗೆ ಸ್ವಾತಂತ್ರ್ಯ ಉಂಟು. ಪದ್ಯ ಹಾಡುವ ಭಾಗವತರದ್ದು, ಅರ್ಥ, ಅಂದರೆ ಮಾತು, ನಮ್ಮದು, ಆ ಹೊತ್ತಿಗೆ ಹುಟ್ಟಿದ್ದು. ಕಾಲಿಗೆ ಹಾಗಿಲ್ಲ. ತಾಳ ಬಿಟ್ಟು ಒಂದು ಹೆಜ್ಜೆ ಇಟ್ಟರೆ ಗುರುಗಳ ಕಣ್ಣು ಕೆಂಪಾಗುತ್ತಿತ್ತು. ನನ್ನ ಮೈ ಯಾವತ್ತೂ ತನ್ನ ಅರ್ಥ ತಾನು ಹೇಳಿದ್ದೇ ಇಲ್ಲ.

ಅವಳು ಹೇಳಿದ ಈ ಅಭ್ಯಾಸಕ್ಕೆ ಅಥೆಂಟಿಕ್ ಮೂವ್‌ಮೆಂಟ್ ಅನ್ನುತ್ತಾರಂತೆ. ಶುರು ಮಾಡಿದವರು ಅಮೆರಿಕದ ಮೇರಿ ಸ್ಟಾರ್ಕ್ಸ್ ವೈಟ್‌ಹೌಸ್, 1950ರ ದಶಕದಲ್ಲಿ. ಅವರೂ ನಮ್ಮ ಹಾಗೆ ಗುರುಗಳ ಹತ್ತಿರ ಪಳಗಿದ ನರ್ತಕಿಯೇ, ಹೆಸರಾಂತ ನರ್ತಕಿಯರಾದ ಮೇರಿ ವಿಗ್ಮನ್, ಮಾರ್ಥಾ ಗ್ರಹಾಂ ಹತ್ತಿರ ಕಲಿತವರು. ಮುಂದೆ ಸ್ವಿಸ್ ಮನೋವೈದ್ಯ ಯೂಂಗ್‌ನ ಮನಃಶಾಸ್ತ್ರದ ಕಡೆ ತಿರುಗಿದರು. ನಾನು ಕೈ ಎತ್ತುವುದು ಬೇರೆ, ಕೈ ತಾನಾಗಿ ಏಳುವುದು ಬೇರೆ ಅನ್ನುವುದನ್ನು ಗುರುತಿಸಿದರು. ಒಬ್ಬರು ಕಣ್ಣು ಮುಚ್ಚಿ ಚಲಿಸುವುದು, ಇನ್ನೊಬ್ಬರು ಸಾಕ್ಷಿಯಾಗಿ ಸುಮ್ನೆ ಕೂರುವುದು. ಆ ಸಾಕ್ಷಿಯ ಕೆಲಸವನ್ನು ಚೆನ್ನಾಗಿ ಬೆಳೆಸಿದವರು ಅವರ ಶಿಷ್ಯೆ ಜಾನೆಟ್ ಆಡ್ಲರ್. ಸಾಕ್ಷಿ ಚೆಂದ ಆಯಿತು ಅನ್ನಬಾರದು, ತಪ್ಪಾಯಿತು ಅಂತಲೂ ಅನ್ನಬಾರದು. ತಾನು ಏನು ಕಂಡೆ, ತನಗೇನಾಯಿತು ಅಷ್ಟೇ ಹೇಳಬೇಕು. ಪ್ರೇಕ್ಷಕರ ಚಪ್ಪಾಳೆಗೆ ಬದುಕುವ ನಮ್ಮಂಥವರಿಗೆ ಇದು ಸ್ವಲ್ಪ ಕಷ್ಟವೇ.

ನನಗೆ ಸಾಕ್ಷಿ ಕೂತವಳು ಹೆಂಡತಿ. ಭಾನುವಾರ ಸಂಜೆ, ಉಪ್ಪರಿಗೆಯ ಕೋಣೆ, ಇಪ್ಪತ್ತು ನಿಮಿಷ. ಮೊದಲ ಎರಡು ವಾರ ನಿಂತದ್ದೇ ಬಂತು. ಕೈ ಸ್ವಲ್ಪ ಎದ್ದರೂ ಅದು ಕಲಿತ ಮುದ್ರೆ. ಮೂರನೇ ವಾರ ಎಡಗೈ ಹಿಂದಕ್ಕೆ ಹೋಗಿ ಕುತ್ತಿಗೆ ಹಿಡಿದುಕೊಂಡಿತು. ಆಮೇಲೆ ಮೊಣಕಾಲು ಮೆಲ್ಲ ಬಗ್ಗಿತು. ಬಲಗಾಲು! ಹೆದರಿಕೆ ಆಯಿತು, ಆದರೆ ತಡೆಯಲಿಲ್ಲ. ಸೊಂಟ, ಭುಜ, ಕೊನೆಗೆ ಕೆನ್ನೆ ನೆಲಕ್ಕೆ ತಾಗಿತು. ರೆಡ್ ಆಕ್ಸೈಡಿನ ತಣ್ಣನೆಯ ನೆಲ. ಅಲ್ಲೇ ಇದ್ದೆ, ಏಳಬೇಕು ಅಂತಲೇ ಅನಿಸಲಿಲ್ಲ.

ಅವತ್ತು ರಂಗಸ್ಥಳದಲ್ಲಿ ಬಿದ್ದವನು ಕೂಡಲೇ ಎದ್ದಿದ್ದೆ. ಹಲ್ಲು ಕಚ್ಚಿ ಪದ್ಯ ಮುಗಿಸಿದ್ದೆ. ಜನ ಚಪ್ಪಾಳೆ ತಟ್ಟಿದ್ದರು. ಆವತ್ತು ಬೀಳುವುದು ಪೂರ್ತಿ ಆಗಿರಲಿಲ್ಲ, ಅಷ್ಟೇ.

ಉಪ್ಪರಿಗೆಯಲ್ಲಿ ನಾನು ಎದ್ದು ಕೂತಾಗ ಹೆಂಡತಿ ಹೇಳಿದಳು, "ನಿಮ್ಮ ಬಲಗೈ ನೆಲ ಸವರುತ್ತಾ ಇತ್ತು, ಅಂಗಳದಲ್ಲಿ ಅಡಿಕೆ ಹರಡುವ ಹಾಗೆ. ಆಗ ನನಗೆ ಉಸಿರು ಸಡಿಲವಾಯಿತು." ಕೈ ಹಾಗೆ ಮಾಡುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ನನ್ನನ್ನು ಹೀಗೆ ನೋಡಿ ಯಾರೂ ಹೇಳಿದ್ದಿಲ್ಲ. ಅವಳಿಗೆ ಥ್ಯಾಂಕ್ಸ್ ಅಂದರೆ ಬೈಯುತ್ತಾಳೆ, ಆದರೂ ಇರಲಿ.

ನಡುವೆ ಒಂದು ತಮಾಷೆಯೂ ಆಯಿತು. ಒಂದು ಸಂಜೆ ಅಮ್ಮ ಮೇಲೆ ಬಂದು ಬಾಗಿಲ ಸಂದಿಯಲ್ಲಿ ಇಣುಕಿದ್ದಾರೆ. ಮಗ ಕಣ್ಣು ಮುಚ್ಚಿ ಮೆಲ್ಲ ತೂಗಾಡುತ್ತಿದ್ದಾನೆ, ಸೊಸೆ ಮಾತಿಲ್ಲದೆ ನೋಡುತ್ತಿದ್ದಾಳೆ! ರಾತ್ರಿ ಊಟಕ್ಕೆ ಕೂತಾಗ ಸಣ್ಣ ಸ್ವರದಲ್ಲಿ, "ಮಗಾ, ಜೋಯಿಸರ ಹತ್ತಿರ ಒಂದು ಪ್ರಶ್ನೆ ಇಡುವುದಾ?" ಅಂದರು. ದೈವದ ದರ್ಶನ ನೋಡಿ ಬೆಳೆದ ಊರು ನಮ್ಮದು, ಅವರ ಹೆದರಿಕೆ ಸಹಜ. ಮೈಮೇಲೆ ಯಾರೂ ಬರುವುದಿಲ್ಲ, ನಾನೇ ಇರುತ್ತೇನೆ, ಬೇಕೆಂದಾಗ ಕಣ್ಣು ಬಿಡಬಹುದು ಅಂತ ವಿವರಿಸಿದೆ. ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಒಂದು ಮಾತು ಹೇಳಲೇಬೇಕು. ಲಿಗಮೆಂಟ್ ಸರಿ ಮಾಡಿದ್ದು ಆಪರೇಷನ್ ಮತ್ತು ವ್ಯಾಯಾಮ, ಈ ಕಣ್ಣು ಮುಚ್ಚುವ ಅಭ್ಯಾಸ ಅಲ್ಲ. ಕಾಲು ನೋವಿದ್ದವರು ದಯವಿಟ್ಟು ಡಾಕ್ಟರ ಹತ್ತಿರವೇ ಹೋಗಿ.

ಭಾಗವತರಿಗೆ ವಿಶೇಷ ನಮಸ್ಕಾರ. ಕೃಷ್ಣ ಮನೆಗೆ ಬಂದದ್ದು ಕಂಡು ವಿದುರ ಮೈಮರೆತು ಕುಣಿಯುತ್ತಾನಲ್ಲ, ಅಲ್ಲಿ "ನಿಮಗೆ ಎಷ್ಟು ಬೇಕೋ ಅಷ್ಟು" ಅಂತ ಮೊದಲೇ ಹೇಳಿದ್ದರು. ಧೀಂಗಿಣ ಇರಲಿಲ್ಲ. ನಾಲ್ಕು ಹೆಜ್ಜೆ, ಒಂದು ತೂಗು, ನೆಲದವರೆಗೆ ಬಗ್ಗಿ ಒಮ್ಮೆ ಕೈ ಸವರಿದೆ. ಅದು ಯಾರೂ ಕಲಿಸಿದ್ದಲ್ಲ. ಮದ್ದಳೆಯವರು ಅದಕ್ಕೂ ಒಂದು ಪೆಟ್ಟು ಕೊಟ್ಟರು ಮಾರಾಯ್ರೇ!

ಇನ್ನು ಅಮ್ಮ. ಆಟ ನೋಡಿ ಬಂದ ಮೇಲೆ, ಬರುವ ಭಾನುವಾರ ಸಾಕ್ಷಿಗೆ ತಾವೇ ಕೂರುತ್ತೇನೆ ಅಂದಿದ್ದಾರೆ. ಕೂತಲ್ಲಿ ಎಲೆ-ಅಡಿಕೆ ಹಾಕಬಹುದಾ ಅಂತ ಕೇಳಿದ್ದಾರೆ. ಅಕ್ಕನ ಮಗಳಿಗೆ ಫೋನ್ ಮಾಡಿ ಕೇಳಬೇಕು.