ನಕ್ಷೆಯ ಕೆಂಪು ಗೆರೆ ನಂಬಿ ಸಹಿ ಹಾಕಬೇಡಿ: ವಿಪತ್ತು ನಿರ್ವಹಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಭೂಕಂಪ ಬಂದರೆ ಯಾವ ಜಾಗದಲ್ಲಿ ನೆಲ ಎಷ್ಟು ಅಲುಗಬಹುದು ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಶಾಲೆಗೋ ಆಸ್ಪತ್ರೆಗೋ ಜಾಗ ಗುರುತಿಸಿದ ಕಡತ ನಿಮ್ಮ ಮೇಜಿಗೆ ಬಂದಾಗ ಜೊತೆಗೊಂದು ನಕ್ಷೆ ಇರುತ್ತದೆ. ಅದರಲ್ಲಿ ಫಾಲ್ಟ್, ಅಂದರೆ ನೆಲದೊಳಗಿನ ಬಂಡೆ ಒಡೆದು ಎರಡು ಬದಿಗಳು ಒಂದಕ್ಕೊಂದು ಜಾರುವ ಜಾಗ (ಸ್ತರಭಂಗ), ಒಂದು ಕೆಂಪು ಗೆರೆ. ಆ ಗೆರೆಯಿಂದ ಜಾಗ ಎಷ್ಟು ದೂರ ಅಂತ ಅಳೆದು ಮುಗಿಸಿಬಿಟ್ಟರೆ ಸಾಲದು. ಅದನ್ನು ಹೇಳೋಕೇ ಈ ಪತ್ರ.

ಮೇಲೆ ಕಾಣುವ ಗೆರೆ ಫಾಲ್ಟ್‌ನ ಅಂಚು ಮಾತ್ರ. ಅದರ ಮೈಯೆಲ್ಲ ನೆಲದೊಳಗಿದೆ. ಎಷ್ಟೋ ಕಡೆ ಅದು ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಇಳಿಯುತ್ತದೆ. ಎಡಗೈಯನ್ನು ಇಳಿಜಾರಾಗಿ ಹಿಡಿದು, ಅದರ ಮೇಲೆ ಬಲಗೈ ಇಟ್ಟು ಮೇಲಕ್ಕೆ ಜಾರಿಸಿ ನೋಡಿ. ಬಲಗೈ ಬೆನ್ನಿನ ಮೇಲೆ ಒಂದು ಊರಿದೆ ಅಂದುಕೊಳ್ಳಿ. ಆ ಊರಿನ ಕಾಲಡಿಯಲ್ಲೇ ಫಾಲ್ಟ್ ಇದೆ ಅಲ್ವಾ? ಇಳಿಜಾರು 30 ಡಿಗ್ರಿ ಇದ್ದರೆ, ಗೆರೆಯಿಂದ 5 ಕಿಲೋಮೀಟರ್ ದೂರದ ಕಟ್ಟಡಕ್ಕೆ ಫಾಲ್ಟ್ ಬರೀ 2.5 ಕಿಲೋಮೀಟರ್ ದೂರ. ಗೆರೆಯ ಆಚೆ ಬದಿಯಲ್ಲಿ ಅಷ್ಟೇ ದೂರದ ಕಟ್ಟಡಕ್ಕೆ ಪೂರ್ತಿ 5. ಸಾಲದ್ದಕ್ಕೆ, ಮೇಲಿನ ಬಂಡೆ ಅಂಚಿನ ಕಡೆ ತೆಳ್ಳಗಾಗುತ್ತಾ ಹೋಗುತ್ತದೆ. ಭೂಕಂಪದ ಅಲೆಗಳು ಅದರೊಳಗೇ ಸಿಕ್ಕಿಕೊಂಡು ಕುಲುಕುತ್ತವೆ.

1999ರ ಸೆಪ್ಟೆಂಬರ್ 21ರಂದು ತೈವಾನ್‌ನ ಚಿ-ಚಿ ಭೂಕಂಪದಲ್ಲಿ ಇದು ಕಣ್ಣಿಗೇ ಕಂಡಿತು. ಅಲ್ಲಿನ ಚೆಲುಂಗ್‌ಪು ಫಾಲ್ಟ್ ಪೂರ್ವಕ್ಕೆ ಸುಮಾರು 30 ಡಿಗ್ರಿ ಇಳಿಜಾರಾಗಿದೆ. ಪೂರ್ವದ ಬದಿ ಪಶ್ಚಿಮಕ್ಕಿಂತ ಜಾಸ್ತಿ ನಡುಗಿತು. ವುಫೆಂಗ್‌ನ ಒಂದು ಶಾಲೆಯ ಮೇಲೇ ಫಾಲ್ಟ್ ಹಾದುಹೋಯಿತು. ಮಕ್ಕಳು ಓಡುವ ಟ್ರ್ಯಾಕ್ ಮಧ್ಯದಲ್ಲಿ ಮುರಿದು, ಅರ್ಧ ಭಾಗ ದಿಣ್ಣೆಯಾಗಿ ಮೇಲೆದ್ದಿತು. ಟ್ರ್ಯಾಕ್‌ನ ಬಿಳಿ ಪಟ್ಟೆಗಳು ಆ ದಿಣ್ಣೆ ಹತ್ತಿ ಹೋಗುವುದನ್ನು ಈಗಲೂ ಮ್ಯೂಸಿಯಂನಲ್ಲಿ ನೋಡಬಹುದು. ಆಗ ರಾತ್ರಿ 1:47. ಹಗಲಾಗಿದ್ದರೆ ಅಂತ ಯೋಚಿಸಿದರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ.

ಭೂಕಂಪದಲ್ಲಿ ಫಾಲ್ಟ್ ಒಂದೇ ಸಲಕ್ಕೆ ಜಾರುವುದಿಲ್ಲ, ಒಂದು ಕಡೆಯಿಂದ ಸೀಳುತ್ತಾ ಹೋಗುತ್ತದೆ. ಆ ಸೀಳು ಯಾವ ತುದಿಯಿಂದ ಯಾವ ಕಡೆಗೆ ಓಡುತ್ತದೆ ಅನ್ನುವುದೂ ಮುಖ್ಯ. ಸೆಕೆಂಡಿಗೆ 2-3 ಕಿಲೋಮೀಟರ್ ಓಡುವ ಸೀಳು ತಾನೇ ಎಬ್ಬಿಸಿದ ಅಲೆಗಳ ಬೆನ್ನಿಗೇ ಇರುತ್ತದೆ. ಹಾಗಾಗಿ ಮುಂದಿರುವ ಊರಿಗೆ ಅಲೆಗಳೆಲ್ಲ ಒಟ್ಟಾಗಿ ಬಂದು ಒಂದೇ ಏಟು ಬೀಳುತ್ತದೆ. 1992ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದಲ್ಲಿ ಸೀಳು ಓಡಿದ ದಿಕ್ಕಿನಲ್ಲಿದ್ದ, ಕಂಪನ ಅಳೆಯುವ ಲುಸರ್ನ್ ಕೇಂದ್ರಕ್ಕೆ ಹೀಗೇ ಬಡಿಯಿತು. ಸೀಳು ಶುರುವಾದ ಕಡೆಗೆ ಹತ್ತಿರವಿದ್ದ ಜೋಶುವಾ ಟ್ರೀಯಲ್ಲಿ ಕಂಪನ ಅದಕ್ಕಿಂತ ಮೆಲ್ಲಗಿತ್ತು, ಆದರೆ ತುಂಬಾ ಹೊತ್ತು ಇತ್ತು.

ಇನ್ನು ತಿರುವುಗಳು, ಕವಲುಗಳು. ನನಗೆ ಜಾಸ್ತಿ ಚಿಂತೆ ಇವುಗಳದೇ. ಟರ್ಕಿಯಲ್ಲಿ 2023ರ ಫೆಬ್ರವರಿ 6ರ 7.8 ಪ್ರಮಾಣದ ಭೂಕಂಪ ಶುರುವಾದದ್ದು ಪೂರ್ವ ಅನಟೋಲಿಯನ್ ಅನ್ನುವ ದೊಡ್ಡ ಫಾಲ್ಟ್‌ನಲ್ಲಲ್ಲ, ಪಕ್ಕದ ಸಣ್ಣ ಕವಲಿನಲ್ಲಿ. ಕವಲಿನಿಂದ ದೊಡ್ಡ ಫಾಲ್ಟ್‌ಗೆ ದಾಟಿದ ಸೀಳು ಎರಡೂ ದಿಕ್ಕಿಗೆ ಓಡಿ, 300 ಕಿಲೋಮೀಟರ್‌ಗೂ ಉದ್ದಕ್ಕೆ ನೆಲ ಹರಿಯಿತು. ಸಣ್ಣ ಕವಲನ್ನು ‘ಚಿಕ್ಕದು’ ಅಂತ ಬೇರೆ ಲೆಕ್ಕಕ್ಕೆ ಹಾಕಿ ಸುಮ್ನೆ ಕೂರುವ ಹಾಗಿಲ್ಲ.

ಭೂಕಂಪ ಯಾವತ್ತು ಬರುತ್ತೆ ಅಂತ ನಮ್ಮ ಮಾದರಿಗಳು ಹೇಳುವುದಿಲ್ಲ. ಆದರೆ ಫಾಲ್ಟ್‌ನ ಓರೆ, ತಿರುವು, ಕವಲುಗಳನ್ನೆಲ್ಲ ಇದ್ದ ಹಾಗೇ ಮೂರು ಆಯಾಮದಲ್ಲಿ ಕಟ್ಟಿ, ಸೀಳನ್ನು ಬೇರೆ ಬೇರೆ ತುದಿಯಿಂದ ನೂರಾರು ಸಲ ಓಡಿಸಿ ನೋಡಬಹುದು. ಯಾವ ಜಾಗಕ್ಕೆ ಮತ್ತೆ ಮತ್ತೆ ಜೋರಾಗಿ ಬೀಳುತ್ತದೆ ಅಂತ ಆಗ ತಿಳಿಯುತ್ತದೆ. ಫಾಲ್ಟ್‌ನ ಆಕಾರ ಸರಿಯಾಗಿ ಗೊತ್ತಾಗಬೇಕಾದರೆ ಸಣ್ಣ ಸಣ್ಣ ಕಂಪನಗಳನ್ನೂ ಹಿಡಿಯುವ ಉಪಕರಣಗಳು ಬೇಕು. ಅದಕ್ಕೆ ದುಡ್ಡು ಬೇಕು. ಅದನ್ನು ಕೊಡಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ.

ನಿಯಮದಲ್ಲಿ ಒಂದು ಸಾಲು ಸೇರಿಸಿ: ದೂರವನ್ನು ಗೆರೆಯಿಂದ ಅಲ್ಲ, ನೆಲದೊಳಗಿನ ಫಾಲ್ಟ್‌ನಿಂದ ಅಳೆಯಬೇಕು ಅಂತ. ಅದು ಜಾರಿಗೆ ಬರುವವರೆಗೆ, ಮುಂದಿನ ಕಡತ ತಂದ ಅಧಿಕಾರಿಯನ್ನು ಒಂದೇ ಮಾತು ಕೇಳಿ: ‘ಈ ಫಾಲ್ಟ್ ಯಾವ ಕಡೆಗೆ ಓರೆಯಾಗಿದೆ?’ ಉತ್ತರ ಸಿಗದಿದ್ದರೆ ಕಡತ ವಾಪಸ್ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಕಂಪನದ ಲೆಕ್ಕ ಹಾಕುವ ಒಬ್ಬ ಎಂಜಿನಿಯರ್