ಚಪ್ಪಡಿಯ ಮಿಕ್ಸ್ ಬದಲಾಗಿದೆ, ದಯವಿಟ್ಟು ಒಮ್ಮೆ ಓದಿ

ಗ್ರಾಹಕ ಮಿತ್ರರಿಗೆ ನಮಸ್ಕಾರ.

ಮುಂದಿನ ಲೋಡಿನಿಂದ ಪ್ಲಾಸ್ಟಿಕ್ ಬಗೆಯ ನಾರು ಬೆರೆಸಿದ ನಮ್ಮ ತೆಳು ಸಿಮೆಂಟ್ ಚಪ್ಪಡಿಗಳಲ್ಲಿ ಸಿಲಿಕಾ ಫ್ಯೂಮ್ (ಸಿಲಿಕಾನ್ ಕುಲುಮೆಯ ಹೊಗೆಯಿಂದ ಸಿಗುವ ನುಣುಪು ಪುಡಿ) ಇರುವುದಿಲ್ಲ. ಅದನ್ನು ತೆಗೆದು, ಸಿಮೆಂಟಿನ ಪಾಲನ್ನೂ ಇಳಿಸಿ, ಹಾರುಬೂದಿ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ನುಣ್ಣನೆಯ ಬೂದಿ) ಜಾಸ್ತಿ ಹಾಕುತ್ತಿದ್ದೇವೆ. "ಅಗ್ಗದ ಮಾಲು ತುಂಬೋಕೆ ಶುರು ಮಾಡಿದ್ರಾ?" ಎಂದು ಒಬ್ಬರು ಆಗಲೇ ಫೋನಿನಲ್ಲಿ ಕೇಳಿದರು. ಹಾರುಬೂದಿ ಅಗ್ಗವೇ, ಸುಳ್ಳು ಹೇಳುವುದಿಲ್ಲ. ಆದರೆ ಕಾರಣ ಅದಲ್ಲ.

ಸಿಲಿಕಾ ಫ್ಯೂಮಿನ ಕಣ ಸಿಮೆಂಟಿನ ಕಣಕ್ಕಿಂತ ಸುಮಾರು 100 ಪಟ್ಟು ಸಣ್ಣದು. ಸಂದುಗೊಂದಿಗೆಲ್ಲ ನುಗ್ಗಿ ಕೂರುತ್ತದೆ. ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಸುಣ್ಣದ ಜೊತೆ ಸೇರಿ ಇನ್ನಷ್ಟು ಅಂಟು ಮಾಡುತ್ತದೆ. ಬಲ ನೋಡಲು ಅದೇ ಮಿಕ್ಸಿನಿಂದ ಮಾಡಿದ ಕ್ಯೂಬನ್ನು ಮುರಿಯುವವರೆಗೆ ಒತ್ತಿದರೆ ಒಳ್ಳೆಯ ಅಂಕಿ ಬರುತ್ತದೆ. ನಾವೂ ಆ ಅಂಕಿ ನೋಡಿಯೇ ಖುಷಿಯಾಗಿದ್ದೆವು. ಚಪ್ಪಡಿಯನ್ನು ಬಗ್ಗಿಸಿ ನೋಡಿದಾಗ ಬಣ್ಣ ಬಯಲಾಯಿತು. ಮೊದಲ ಬಿರುಕು ತಡವಾಗಿ ಬಂತು ನಿಜ, ಬಂದ ಕೂಡಲೇ ಪಟ್ ಅಂತ ಎರಡು ತುಂಡು. ಮುರಿದ ಅಂಚಿನಲ್ಲಿ ನಾರುಗಳು ಕತ್ತರಿ ಆಡಿಸಿದ ಹಾಗೆ ಗಿಡ್ಡಕ್ಕೆ ನಿಂತಿದ್ದವು.

ಈ ಚಪ್ಪಡಿಗಳಿಗೆ ನಾವು ಹಾಕುವುದು ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ನಾರು. ಇದು ಸಿಮೆಂಟಿಗೆ ತಾನಾಗಿಯೇ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ. ಸಿಲಿಕಾ ಫ್ಯೂಮ್ ಆ ಹಿಡಿತವನ್ನು ಇನ್ನೂ ಬಿಗಿ ಮಾಡುತ್ತದೆ. ಬಿರುಕು ಬಿಟ್ಟಾಗ ನಾರು ಸ್ವಲ್ಪ ಜಾರಬೇಕು, ಉಜ್ಜಿಕೊಂಡು ನಿಧಾನಕ್ಕೆ ಹೊರಬರಬೇಕು. ಹೊಡೆತದ ಬಲ ಕರಗುವುದೇ ಆ ಉಜ್ಜಾಟದಲ್ಲಿ. ಜಾರಲು ಬಿಡದಿದ್ದರೆ ನಾರೇ ತುಂಡಾಗುತ್ತದೆ, ಆಗ ನಾರು ಹಾಕಿಯೂ ಏನು ಬಂತು? ಹಾರುಬೂದಿ ಜಾಸ್ತಿಯಾದರೆ ಹಿಡಿತ ತುಸು ಸಡಿಲ. ಒಂದೇ ದೊಡ್ಡ ಬಿರುಕಿನ ಬದಲು ಕೂದಲೆಳೆಯಂಥ ಹಲವು ಬಿರುಕು ಬರುತ್ತವೆ. ಚಪ್ಪಡಿ ಬಗ್ಗಿ ಮುನ್ಸೂಚನೆ ಕೊಡುತ್ತದೆ, ಕೆಳಗಿದ್ದವರಿಗೆ ಸರಿಯಲು ಸಮಯ ಸಿಗುತ್ತದೆ.

ಉಕ್ಕಿನ ನಾರಿನ ಲೆಕ್ಕ ಬೇರೆ. ಆ ಚಪ್ಪಡಿಗಳ ಮಿಕ್ಸ್ ಹಾಗೇ ಇದೆ.

ತೊಂದರೆಯೂ ಇದೆ. ಹಾರುಬೂದಿಯದು ನಿಧಾನದ ಕೆಲಸ. 28 ದಿನದ ಕ್ಯೂಬ್ ಅಂಕಿ ಹಳೆಯ ಮಿಕ್ಸಿಗಿಂತ ಕಡಿಮೆ ಕಾಣುತ್ತದೆ, ಗಾಬರಿಯಾಗಬೇಡಿ. ಇನ್ನು ಮುಂದೆ 56 ದಿನದ ಅಂಕಿಯನ್ನೂ, ಬಗ್ಗಿಸಿ ನೋಡಿದ ವರದಿಯನ್ನೂ ಜೊತೆಗೆ ಕಳಿಸುತ್ತೇವೆ. ಅಚ್ಚಿನಿಂದ ಬಿಡಿಸುವುದೂ ತಡವಾಗುತ್ತದೆ, ಕ್ಯೂರಿಂಗೂ (ತೇವದಲ್ಲಿಟ್ಟು ಗಟ್ಟಿಯಾಗಿಸುವುದು) ಜಾಸ್ತಿ ದಿನ ಬೇಕು. ಹಾಗಾಗಿ ಆರ್ಡರನ್ನು ಒಂದು ತಿಂಗಳು ಮೊದಲೇ ಕೊಡಿ. ಬೂದಿಯ ಬಣ್ಣ ಲೋಡಿನಿಂದ ಲೋಡಿಗೆ ಬದಲಾಗುವುದರಿಂದ ಚಪ್ಪಡಿಯ ಬಣ್ಣದಲ್ಲೂ ಸ್ವಲ್ಪ ಏರುಪೇರು ಇರುತ್ತದೆ. ಒಂದೇ ಜಾಗಕ್ಕೆ ಬೇಕಿದ್ದರೆ ಎಲ್ಲವನ್ನೂ ಒಟ್ಟಿಗೇ ತರಿಸಿಕೊಳ್ಳಿ.

ಹಳೆಯ ಮಿಕ್ಸಿನ ಆರ್ಡರ್ ಈಗಾಗಲೇ ಕೊಟ್ಟವರು ಯಾವುದು ಬೇಕೆಂದು ತಿಳಿಸಿ. ಬಗ್ಗಿಸಿ ನೋಡಿದ ಹಳೆಯ ಮಿಕ್ಸಿನ ಮತ್ತು ಹೊಸ ಮಿಕ್ಸಿನ ಮುರಿದ ಚಪ್ಪಡಿಗಳೆರಡನ್ನೂ ಅಂಗಳದಲ್ಲಿ ಪಕ್ಕಪಕ್ಕ ಇಟ್ಟಿದ್ದೇವೆ, ಬಂದು ನೋಡಬಹುದು.

ಇಂತಿ,
ನಿಮ್ಮ ಚಪ್ಪಡಿ ಘಟಕದವರು